ಒಂದು ಪೆನ್ನಿ, ಹನ್ನೆರಡು ಮಂದಿ

1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಮೆಥಡಿಸ್ಟರು ಒಂದೆಡೆ ಸೇರಿದ್ದು ಪ್ರಾರ್ಥನೆಗಲ್ಲ, ಸಾಲದ ಲೆಕ್ಕಕ್ಕೆ. ಅವರ ನಾಯಕ ಜಾನ್ ವೆಸ್ಲಿ ಅಲ್ಲಿ ಕಟ್ಟಿಸಿದ್ದ ಸಭಾಮಂದಿರದ ಸಾಲ ತೀರಿರಲಿಲ್ಲ. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಕ್ಯಾಪ್ಟನ್ ಫಾಯ್ ಎಂಬವರು ಸೂಚಿಸಿದರು. ಅಷ್ಟನ್ನೂ ಕೊಡಲಾಗದ ಬಡವರು ನಮ್ಮಲ್ಲಿದ್ದಾರಲ್ಲ ಎಂದು ಆಕ್ಷೇಪ ಬಂತು. ಹಾಗಾದರೆ ತೀರಾ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಬಿಡಿ, ವಾರವಾರ ಅವರ ಮನೆಗೆ ಹೋಗಿಬರುತ್ತೇನೆ, ಅವರಿಂದ ಆಗದಿದ್ದರೆ ಅವರ ಪೆನ್ನಿಯನ್ನೂ ನಾನೇ ಹಾಕುತ್ತೇನೆ ಎಂದರು ಫಾಯ್. ಇದೇ ಕ್ರಮವನ್ನು ಉಳಿದವರೂ ಒಪ್ಪಿಕೊಂಡರು. ಆದರೆ ಪೆನ್ನಿ ಕೇಳಲು ಮನೆ ಹೊಕ್ಕವರ ಕಣ್ಣಿಗೆ ಬೇರೆ ಸಂಗತಿಗಳು ಬಿದ್ದವು. ಒಬ್ಬ ಹೆಂಡತಿಯೊಡನೆ ಜಗಳವಾಡುತ್ತಿದ್ದ, ಇನ್ನೊಬ್ಬ ಕುಡಿದಿದ್ದ. ಭಾನುವಾರದ ಆರಾಧನೆಯಲ್ಲಿ ಒಟ್ಟಿಗೆ ಹಾಡುತ್ತಿದ್ದವರ ಮನೆಯ ಸ್ಥಿತಿ ಯಾರಿಗೂ ಗೊತ್ತಿರಲಿಲ್ಲ. ತಾನು ಬಹುಕಾಲದಿಂದ ಹುಡುಕುತ್ತಿದ್ದದ್ದು ಮನೆಗೆ ಹೋಗಿ ವಿಚಾರಿಸುವ ಈ ಕ್ರಮವನ್ನೇ ಎಂದು ವೆಸ್ಲಿಗೆ ಹೊಳೆಯಿತು. ಆದರೆ ಮನೆಮನೆ ಸುತ್ತುವುದಕ್ಕೆ ಸಮಯ ಸಾಲದೆ ಹೋಯಿತು. ಆಳುಗಳಾಗಿದ್ದವರೊಡನೆ ಯಜಮಾನರ ಮನೆಯಲ್ಲಿ ಮನಬಿಚ್ಚಿ ಮಾತಾಡುವುದು ಸಾಧ್ಯವಿರಲಿಲ್ಲ. ಇಬ್ಬರ ನಡುವಿನ ಮನಸ್ತಾಪ ಎದುರುಬದುರು ಕೂತ ಹೊರತು ತೀರುತ್ತಿರಲಿಲ್ಲ. ಈ ಕಾರಣಗಳಿಗಾಗಿ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೆಡೆ ಕೂಡುವ ಪದ್ಧತಿ ಬಂತು. ‘ಕ್ಲಾಸ್ ಮೀಟಿಂಗ್’ ಹುಟ್ಟಿದ್ದು ಹೀಗೆ, ಸಾಲ ವಸೂಲಿಯಿಂದ.

ಸಭೆಯೊಳಗೆ ಚಿಕ್ಕ ಗುಂಪುಗಳನ್ನು ಕಟ್ಟಬೇಕೆಂದಿರುವ ಸಭಾಪಾಲಕರಿಗೂ ಧರ್ಮಗುರುಗಳಿಗೂ ಸಾಮಾನ್ಯ ವಿಶ್ವಾಸಿಗಳಿಗೂ ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಇಂಥ ಗುಂಪುಗಳಿಗೆ ಕೊರತೆಯೇನಿಲ್ಲ. ಮಂಗಳೂರು ಉಡುಪಿ ಕಡೆಯ ಕ್ಯಾಥೊಲಿಕ್ ಧರ್ಮಕೇಂದ್ರಗಳು ಹಿಂದಿನಿಂದಲೂ ವಾರ್ಡುಗಳಾಗಿ ಹಂಚಿಕೊಂಡಿವೆ; ಕೊಂಕಣಿಯಲ್ಲಿ ಅದು ವಾಡೊ, ಅದರ ಮುಂದಾಳು ಗುರ್ಕಾರ್. ಆ ವಾರ್ಡುಗಳೊಳಗೆ ಈಗ ಕಿರು ಕ್ರೈಸ್ತ ಸಮುದಾಯಗಳಿವೆ. ಸಿಎಸ್‌ಐ, ಮೆಥಡಿಸ್ಟ್ ಸಭೆಗಳಲ್ಲಿ ಮನೆ ಪ್ರಾರ್ಥನಾ ಕೂಟಗಳಿವೆ, ಬೆಂಗಳೂರಿನ ಹೊಸ ಸಭೆಗಳಲ್ಲಿ ಸೆಲ್ ಗ್ರೂಪುಗಳಿವೆ. ಹೆಸರು ಬೇರೆ, ದೂರು ಒಂದೇ: ಮೊದಲ ಆರು ತಿಂಗಳು ಉತ್ಸಾಹ, ಆಮೇಲೆ ನಾಲ್ಕೇ ಮನೆಯವರು, ಕೊನೆಗೆ ಕ್ಯಾಲೆಂಡರಿನಲ್ಲಿ ಮಾತ್ರ ಉಳಿದ ಕೂಟ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಜನರಲ್ಲಿ ಪ್ರೀತಿ ತಣ್ಣಗಾಗಿದೆ ಎಂಬುದು. ನನಗೆ ಅದು ತಲೆಕೆಳಗಾದ ತರ್ಕ ಎನಿಸುತ್ತದೆ. ಬ್ರಿಸ್ಟಲ್ಲಿನ ಹನ್ನೆರಡು ಮಂದಿ ಪ್ರೀತಿಯಿದ್ದದ್ದರಿಂದ ಸೇರಿದವರಲ್ಲ. ಒಬ್ಬರ ಹೊಣೆಯನ್ನು ಇನ್ನೊಬ್ಬರಿಗೆ ಹೆಸರು ಹಿಡಿದು ಒಪ್ಪಿಸಿದ್ದರಿಂದ, ವಾರವಾರ ಬಾಗಿಲು ತಟ್ಟಿದ್ದರಿಂದ, ಪ್ರೀತಿಗೆ ಅಲ್ಲಿ ಕೆಲಸ ಸಿಕ್ಕಿತು. ಹೊಣೆಯನ್ನು ಸರಿಯಾಗಿ ಹಂಚಿದ ಗುಂಪಿನಲ್ಲಿ ಅಕ್ಕರೆ ಬೆಳೆಯಲು ಅವಕಾಶವಿದೆ. ಅಕ್ಕರೆಯನ್ನೇ ಬಂಡವಾಳವಾಗಿ ಹೂಡಿ ಶುರುವಾದ ಗುಂಪು ಬೇಗ ದಿವಾಳಿಯಾಗುತ್ತದೆ.

ಮನೆಗಳಲ್ಲಿ ಕೂಡುವುದು ಯಾವುದೋ ಹೊಸ ತಂತ್ರವಲ್ಲ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ವಿಶ್ವಾಸಿಗಳು ದೇವಾಲಯಕ್ಕೂ ಹೋಗುತ್ತಾರೆ, ಮನೆಗಳಲ್ಲಿ ರೊಟ್ಟಿಯನ್ನೂ ಮುರಿಯುತ್ತಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಪ್ರಿಸ್ಕ ಮತ್ತು ಅಕ್ವಿಲರ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಕಳಿಸುತ್ತಾನೆ. ಗಂಡ ಹೆಂಡತಿ ಇಬ್ಬರೂ ಗುಡಾರ ಮಾಡುವ ಕಸುಬಿನವರು. ಆದರೆ ಮನೆಯಲ್ಲಿ ಕೂತ ಮಾತ್ರಕ್ಕೆ ಅನ್ಯೋನ್ಯತೆ ತಾನಾಗಿ ಬರುತ್ತದೆ ಎಂದು ಹೊಸ ಒಡಂಬಡಿಕೆ ಎಲ್ಲೂ ಹೇಳುವುದಿಲ್ಲ. ಕೊರಿಂಥದ ಸಭೆಯ ಪಾಡು ನೋಡಿ. ಅಲ್ಲಿ ಉಳ್ಳವರು ಮುಂಚೆಯೇ ಬಂದು ಉಂಡು ಕುಡಿಯುತ್ತಿದ್ದರು, ಬಡವರಿಗೆ ಹಸಿವೇ ಉಳಿಯುತ್ತಿತ್ತು, ಪೌಲನು ಸಿಡಿದೇಳುತ್ತಾನೆ. ಅಂದಿನ ರೋಮನ್ ಸಿರಿವಂತರ ಊಟದ ಕೋಣೆಯಲ್ಲಿ ಒರಗಿ ಉಣ್ಣಲು ಜಾಗವಿರುತ್ತಿದ್ದದ್ದು ಸುಮಾರು ಒಂಬತ್ತು ಮಂದಿಗೆ. ಮಿಕ್ಕವರು ಹೊರಗಿನ ಅಂಗಳದಲ್ಲಿ ಇರಬೇಕಾಗುತ್ತಿತ್ತು ಎಂದು ಕೆಲವು ವಿದ್ವಾಂಸರು ವಿವರಿಸುತ್ತಾರೆ. ಅಂದರೆ ಕಟ್ಟಡದ ವಿನ್ಯಾಸವೇ ಮೇಲುಕೀಳನ್ನು ತೋರಿಸುತ್ತಿತ್ತು. ಸಿರಿಯಾದ ದೂರಾ ಯೂರೋಪಸ್ ಎಂಬಲ್ಲಿ ಉತ್ಖನನದಲ್ಲಿ ಸಿಕ್ಕ, ಮೂರನೆಯ ಶತಮಾನದ ಕ್ರೈಸ್ತರ ಆರಾಧನೆಯ ಮನೆಯಲ್ಲಿ ಎರಡು ಕೋಣೆಗಳ ನಡುವಿನ ಗೋಡೆಯನ್ನು ಒಡೆದು ಒಂದೇ ಹಜಾರ ಮಾಡಿದ್ದಾರೆ. ಎಲ್ಲರೂ ಒಂದೇ ಕಡೆ ಕೂರಲಿ ಎಂಬುದೇ ಅದರ ಉದ್ದೇಶವಾಗಿತ್ತೋ, ಸುಮ್ಮನೆ ಜಾಗ ಸಾಲದೆ ಒಡೆದರೋ, ಗೋಡೆ ಹೇಳುವುದಿಲ್ಲ.

ನಮ್ಮ ಕೂಟಗಳು ಸೊರಗುವುದರಲ್ಲಿಯೂ ಮನೆ ಮತ್ತು ಊಟದ ಪಾತ್ರ ದೊಡ್ಡದು. ಸರದಿಯ ಪ್ರಕಾರ ಒಂದೊಂದು ಮನೆಯಲ್ಲಿ ಎಂಬ ನಿಯಮ ಕಾಗದದ ಮೇಲೆ ಸಮಾನತೆಯಂತೆ ಕಾಣುತ್ತದೆ. ಮೊದಲ ಮನೆಯವರು ಚಹಾ ಬಿಸ್ಕತ್ತು ಕೊಡುತ್ತಾರೆ, ಎರಡನೆಯವರು ಕಟ್ಲೆಟ್ಟು ಕೇಕು, ಮೂರನೆಯವರು ಬಿರಿಯಾನಿ. ನಾಲ್ಕನೆಯ ಮನೆಯಾಕೆ ಬೀಡಿ ಕಟ್ಟಿಯೋ ಗಾರ್ಮೆಂಟ್ಸಿಗೆ ಹೋಗಿಯೋ ಸಂಸಾರ ತೂಗಿಸುವವಳು, ಒಂದೇ ಕೋಣೆಯ ಬಾಡಿಗೆ ಮನೆ, ಕುರ್ಚಿ ಎರಡು. ತನ್ನ ಸರದಿಯ ವಾರ ಅವಳಿಗೆ ಹುಷಾರಿರುವುದಿಲ್ಲ, ಮುಂದಿನ ತಿಂಗಳಿಂದ ಕೂಟಕ್ಕೂ ಬರುವುದಿಲ್ಲ. ಅವಳ ಪ್ರೀತಿ ತಣ್ಣಗಾಯಿತೆಂದು ಬರೆದುಕೊಳ್ಳುವವರು ಬಿರಿಯಾನಿಯ ಮನೆಯವರನ್ನು ಏನೂ ಕೇಳುವುದಿಲ್ಲ. ಆದ್ದರಿಂದ ಗುಂಪಿನ ಮೊದಲ ಕೂಟದಲ್ಲೇ ತಿಂಡಿಯ ಮಿತಿ ಗೊತ್ತುಮಾಡಿ, ಅದನ್ನು ಮೀರುವುದನ್ನು ಔದಾರ್ಯವೆಂದು ಹೊಗಳದಿರುವುದು ಒಳ್ಳೆಯದು. ಚಹಾ ಅಥವಾ ಪಾನಕ, ಜೊತೆಗೆ ಒಂದು ಬಗೆ, ಅಷ್ಟೇ. ಹಬ್ಬದೂಟ ಬೇಕೆಂದಾಗ ಎಲ್ಲರೂ ಒಂದೊಂದು ಪಾತ್ರೆ ತರಲಿ. ಮನೆ ಚಿಕ್ಕದಾದವರು ಬೇಕಿದ್ದರೆ ತಮ್ಮ ಸರದಿಯಲ್ಲಿ ಸಭೆಯ ಹಾಲ್ ಬಳಸಲಿ, ಆದರೆ ಅವರೇ ಕೇಳಿದರೆ ಮಾತ್ರ. ಚಿಕ್ಕ ಮನೆಯನ್ನು ಮುಲಾಜಿನಿಂದ ಪಟ್ಟಿಯಿಂದ ಬಿಡುವುದು ಇನ್ನೊಂದು ಬಗೆಯ ಅವಮಾನ. ಚಾಪೆ ಹಾಸಿ ಎಲ್ಲರೂ ನೆಲದ ಮೇಲೆ ಕೂತರೆ ಎರಡು ಕುರ್ಚಿಯ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ, ಮಂಡಿ ನೋವಿನ ಹಿರಿಯರಿಗೆ ಆ ಎರಡೂ ಕುರ್ಚಿ ಸಾಕು.

ಯಾರನ್ನು ಯಾರ ಜೊತೆ ಸೇರಿಸಬೇಕು ಎಂಬುದು ಇದಕ್ಕಿಂತ ಗಟ್ಟಿ ಪ್ರಶ್ನೆ. ಮನಸ್ಸು ಹೊಂದುವವರು ತಾವಾಗಿ ಗುಂಪು ಕಟ್ಟಿಕೊಳ್ಳಲಿ ಎನ್ನುವವರಿದ್ದಾರೆ. ಐಟಿಯವರು ಐಟಿಯವರೊಡನೆ, ಹೊಸದಾಗಿ ಮದುವೆಯಾದವರು ಅಂಥವರೊಡನೆ. ಇಂಥ ಗುಂಪು ಬೇಗ ಚಿಗುರುತ್ತದೆ, ನಿಜ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ 1994ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದ ಪ್ರಕಾರ ಅಲ್ಲಿನ ವಯಸ್ಕರಲ್ಲಿ ಹತ್ತಕ್ಕೆ ನಾಲ್ವರು ಯಾವುದಾದರೊಂದು ಚಿಕ್ಕ ಗುಂಪಿನಲ್ಲಿದ್ದರು, ಬಹುಪಾಲು ಜನ ತಮಗೆ ಅದರಿಂದ ಒಳ್ಳೆಯದಾಗಿದೆ ಎಂದೇ ಹೇಳಿದ್ದರು. ಆದರೂ ವುತ್‌ನೋ ಒಂದು ಎಚ್ಚರಿಕೆ ಕೊಟ್ಟರು: ಈ ಗುಂಪುಗಳು ಸದಸ್ಯರಿಂದ ಕೇಳುವುದು ತೀರಾ ಕಡಿಮೆ. ಬಿಡುವಿದ್ದರೆ ಬಾ, ಇಷ್ಟವಿದ್ದರೆ ಮಾತಾಡು, ಬೇಸರವಾದರೆ ಸದ್ದಿಲ್ಲದೆ ಹೊರಡು. ಕಷ್ಟಕಾಲದಲ್ಲಿ ಪಕ್ಕದ ಮನೆಯವರು ಮಾಡುವುದನ್ನು ಇವು ಪೂರ್ತಿ ಮಾಡಲಾರವು. ಈ ಮಾತು ಬೆಂಗಳೂರಿಗೂ ಸಲ್ಲುತ್ತದೆ. ವೈಟ್‌ಫೀಲ್ಡಿನಿಂದ ಕೆಂಗೇರಿಗೆ ಶನಿವಾರ ಸಂಜೆ ಕೂಟಕ್ಕೆ ಬರುವ ಗೆಳೆಯ ಮಂಗಳವಾರ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಜೊತೆ ಬರಲಾರ. ಅದಕ್ಕಾಗಿ ನನ್ನ ಸಲಹೆ ಸರಳ. ಗುಂಪಿನ ಮೊದಲ ಗೆರೆ ಬೀದಿಯದ್ದಾಗಿರಲಿ, ಕಾಲ್ನಡಿಗೆಯಲ್ಲಿ ಹದಿನೈದು ನಿಮಿಷದೊಳಗೆ ತಲುಪುವ ಎಂಟು ಹತ್ತು ಮನೆಗಳು. ಒಟ್ಟು ವಯಸ್ಕರ ಸಂಖ್ಯೆ ಹದಿನೈದು ದಾಟದಿರಲಿ, ಅದಕ್ಕಿಂತ ಹೆಚ್ಚಾದರೆ ಮಾತಾಡುವವರೇ ಮಾತಾಡುತ್ತಾರೆ. ಯುವಜನರ ಕೂಟ, ಸ್ತ್ರೀಯರ ಕೂಟ ಅವುಗಳ ಪಾಡಿಗೆ ನಡೆಯಲಿ, ಇದರ ಬದಲಿಗೆ ಅಲ್ಲ.

ಬೀದಿಯ ಗೆರೆಗೆ ಇನ್ನೊಂದು ಗುಣವಿದೆ, ಅದು ಜಾತಿಯನ್ನು ಕೇಳುವುದಿಲ್ಲ. ಭಾರತದ ಸಭೆಗಳಲ್ಲಿ ಜಾತಿ ಉಳಿದಿದೆಯೇ ಎಂಬ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ದಕ್ಷಿಣದ ಕೆಲವೆಡೆ ಸ್ಮಶಾನದಲ್ಲೂ ಗೋಡೆಯೆದ್ದದ್ದು ಗುಟ್ಟಿನ ಸಂಗತಿಯಲ್ಲ. ಮನಸ್ಸು ಹೊಂದುವವರ ಗುಂಪು ಎಂದು ಬಿಟ್ಟರೆ ನಮ್ಮಲ್ಲಿ ಮನಸ್ಸು ಯಾವ ಗೆರೆಯ ಮೇಲೆ ಹೊಂದುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಬೀದಿಯೊಂದೇ ಸಾಕೆಂದಲ್ಲ. ಜಾತಿಯ ಪ್ರಕಾರವೇ ಕೇರಿಗಳಾದ ಊರಿನಲ್ಲಿ ಬೀದಿಯ ಗುಂಪೆಂದರೆ ಜಾತಿಯ ಗುಂಪೇ. ಅಂಥಲ್ಲಿ ಸಭಾಪಾಲಕರು ಎರಡು ಕೇರಿಗಳನ್ನು ಬೆರೆಸಿ ಗೆರೆ ಎಳೆಯಬೇಕು, ಎರಡೂ ಕಡೆಯ ಮನೆಗಳಲ್ಲಿ ಕೂಟವಾಗುತ್ತಿದೆಯೇ, ಅಲ್ಲಿ ಎಲ್ಲರೂ ನೀರು ಕುಡಿಯುತ್ತಿದ್ದಾರೆಯೇ ಎಂದು ಹೋಗಿ ನೋಡಬೇಕು. ಭಾಷೆಯ ವಿಚಾರ ಇಷ್ಟು ಕಠಿಣವಲ್ಲ. ಒಂದೇ ಬಡಾವಣೆಯಲ್ಲಿ ಕನ್ನಡ, ತಮಿಳು, ತೆಲುಗು, ಕೊಂಕಣಿ ಮನೆಗಳಿದ್ದರೆ ವಾಕ್ಯವನ್ನು ಎರಡು ಭಾಷೆಯಲ್ಲಿ ಓದಿ, ಅವರವರ ಮಾತಿನಲ್ಲಿ ಪ್ರಾರ್ಥಿಸಲಿ. ಕೂಟ ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ ನಷ್ಟ.

ಕೂಟದೊಳಗೆ ಏನು ಮಾಡಬೇಕು ಎಂಬುದಕ್ಕೆ ಪರೀಕ್ಷಿಸಿ ನೋಡಿದ ಕ್ರಮವೊಂದು ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆಯಿಂದ ಬಂದಿದೆ. ಧರ್ಮಗುರುಗಳ ಸಂಖ್ಯೆ ಕಡಿಮೆ, ಊರುಗಳು ದೂರ ಎಂಬ ಸ್ಥಿತಿಯಲ್ಲಿ ಫ್ರಿಟ್ಸ್ ಲೋಬಿಂಗರ್ ಮತ್ತು ಓಸ್ವಾಲ್ಡ್ ಹಿರ್ಮರ್ ಎಂಬ ಇಬ್ಬರು ಗುರುಗಳು ಅಲ್ಲಿ ರೂಪಿಸಿದ ಏಳು ಹೆಜ್ಜೆಯ ಶುಭಸಂದೇಶ ಹಂಚಿಕೆ ಆಫ್ರಿಕದಿಂದ ಏಷ್ಯಕ್ಕೂ ಹಬ್ಬಿತು. ಸಭೆಯೆಂದರೆ ಕಿರು ಸಮುದಾಯಗಳ ಸಮುದಾಯ ಎಂಬ ನಿಲುವನ್ನು ಏಷ್ಯದ ಬಿಷಪರ ಒಕ್ಕೂಟ 1990ರಲ್ಲಿ ಇಂಡೊನೇಶ್ಯದ ಬಾಂಡುಂಗ್‌ನಲ್ಲಿ ಎತ್ತಿಹಿಡಿದ ಮೇಲೆ ನಮ್ಮ ದೇಶದ ಧರ್ಮಪ್ರಾಂತ್ಯಗಳಲ್ಲೂ ಇದು ಬಳಕೆಗೆ ಬಂತು. ಮೊದಲು ಚಿಕ್ಕ ಪ್ರಾರ್ಥನೆಯಿಂದ ಕರ್ತನನ್ನು ನಡುವೆ ಆಹ್ವಾನಿಸುವುದು, ಆಮೇಲೆ ವಾಕ್ಯಭಾಗ ಓದುವುದು, ಮನ ತಟ್ಟಿದ ಪದವನ್ನೋ ಸಾಲನ್ನೋ ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳುವುದು, ಕೆಲ ನಿಮಿಷ ಮೌನ, ಅದು ಯಾಕೆ ತಟ್ಟಿತೆಂದು ಹಂಚಿಕೊಳ್ಳುವುದು, ಗುಂಪು ಈಗ ಮಾಡಬೇಕಾದ ಕೆಲಸದ ಚರ್ಚೆ, ಕೊನೆಗೆ ಪ್ರಾರ್ಥನೆ. ಇದರಲ್ಲಿ ಪ್ರಸಂಗವಿಲ್ಲ, ವ್ಯಾಖ್ಯಾನದ ಜಿದ್ದಿಲ್ಲ, ಓದು ಬಾರದ ಅಜ್ಜಿಯೂ ಮೂರನೆಯ ಹೆಜ್ಜೆಯಲ್ಲಿ ಪಾಲುಗೊಳ್ಳಬಹುದು. ನಾಲ್ಕನೆಯ ಹೆಜ್ಜೆಯಲ್ಲಿ ಮೊದಮೊದಲು ಮುಜುಗರವಾಗುತ್ತದೆ, ಯಾರೋ ಕೆಮ್ಮುತ್ತಾರೆ, ಇನ್ನಾರೋ ಹಾಡು ಎತ್ತುತ್ತಾರೆ, ಎತ್ತಗೊಡಬೇಡಿ. ಕೂಟಗಳು ನಿಜವಾಗಿ ಸೋಲುವುದು ಆರನೆಯ ಹೆಜ್ಜೆಯಲ್ಲಿ. ಹೊತ್ತಾಯಿತೆಂದು ಹಾರಿಸುವುದು ಅದನ್ನೇ. ಯಾವ ಮನೆಗೆ ಯಾರು ಹೋಗುತ್ತಾರೆ, ಡಯಾಲಿಸಿಸ್‌ಗೆ ಹೋಗುವವರ ಜೊತೆ ಗುರುವಾರ ಯಾರು, ಪಿಯುಸಿ ಹುಡುಗನಿಗೆ ಲೆಕ್ಕ ಹೇಳಿಕೊಡುವವರು ಯಾರು, ಬೀದಿಯ ಕೊಳಾಯಿ ವಿಚಾರಕ್ಕೆ ನೆರೆಯ ಹಿಂದೂ ಮುಸ್ಲಿಂ ಮನೆಗಳ ಜೊತೆ ವಾರ್ಡ್ ಆಫೀಸಿಗೆ ಹೋಗುವವರು ಯಾರು ಎಂದು ಹೆಸರು ಬರೆದುಕೊಳ್ಳದೆ ಎದ್ದ ಕೂಟ ಪ್ರಾರ್ಥನೆಯಾಗಿರಬಹುದು, ಸಮುದಾಯವಾಗಿರುವುದಿಲ್ಲ. ಒಟ್ಟು ಎಪ್ಪತ್ತೈದು ನಿಮಿಷ ಸಾಕು, ಅದರಲ್ಲಿ ಇಪ್ಪತ್ತನ್ನು ಈ ಹೆಜ್ಜೆಗೆ ಮೊದಲೇ ಎತ್ತಿಡಿ. ಮೈಕು ಬೇಡ. ಗೋಡೆಯಾಚೆ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಮನೆ ಪ್ರಾರ್ಥನೆಗಳನ್ನು ಅನುಮಾನದಿಂದ ನೋಡುವ ಕಾಲವೂ ಇದು. ತೆರೆದ ಬಾಗಿಲು, ತಗ್ಗಿದ ದನಿ ಎರಡಕ್ಕೂ ಉತ್ತರವಾಗುತ್ತವೆ.

ಮುಂದಾಳು ಯಾರಾಗಬೇಕು? ಕರಾವಳಿಯ ಗುರ್ಕಾರ್ ಪದ್ಧತಿಯ ಬಲ ಇರುವುದು ಅವರ ಮಾತುಗಾರಿಕೆಯಲ್ಲಲ್ಲ. ವಾರ್ಡಿನ ಸಾವು, ಮದುವೆ, ಕಾಯಿಲೆಯ ಸುದ್ದಿ ಮೊದಲು ತಲುಪುವ ಮನೆ ಅವರದು, ಅಲ್ಲಿಂದ ಅದು ಧರ್ಮಗುರುಗಳಿಗೂ ಮಿಕ್ಕ ಮನೆಗಳಿಗೂ ಹೋಗುತ್ತದೆ. ಗುಂಪಿನ ಮುಂದಾಳಲ್ಲಿ ನೋಡಬೇಕಾದ ಗುಣ ಇದೇ: ಸುದ್ದಿ ತಿಳಿದರೆ ಸುಮ್ಮನೆ ಕೂರದವರು, ತಿಳಿದದ್ದನ್ನೆಲ್ಲ ಆಡದವರು. ಒಳ್ಳೆಯ ಪ್ರಸಂಗಿ ಸಿಕ್ಕಿದರೆಂದು ಅವರ ಕೈಗೆ ಗುಂಪು ಕೊಟ್ಟರೆ ಅದು ಇನ್ನೊಂದು ಪ್ರಸಂಗದ ಕೂಟವಾಗುತ್ತದೆ. ಒಬ್ಬ ಹೆಣ್ಣು, ಒಬ್ಬ ಗಂಡು, ಇಬ್ಬರು ಬೇರೆ ಬೇರೆ ಮನೆಯವರು ಜೊತೆಯಾಗಿ ನಡೆಸಲಿ. ಎರಡು ವರ್ಷಕ್ಕೆ ಬದಲಾಗಲಿ, ಎಷ್ಟೇ ಚೆನ್ನಾಗಿ ನಡೆಸಿದ್ದರೂ. ದಕ್ಷಿಣ ಕೊರಿಯದ ಸಿಯೋಲ್‌ನಲ್ಲಿ ಸಭಾಪಾಲಕ ಡೇವಿಡ್ ಯೋಂಗಿ ಚೋ 1960ರ ದಶಕದಲ್ಲಿ ಆರೋಗ್ಯ ಕೆಟ್ಟು ಒಬ್ಬರೇ ಎಲ್ಲವನ್ನೂ ನಿಭಾಯಿಸಲಾಗದೆ ಮನೆ ಗುಂಪುಗಳನ್ನು ಮಹಿಳೆಯರ ಕೈಗೆ ಒಪ್ಪಿಸಿದರು. ಅವರ ಯೊಯಿಡೊ ಸಭೆ ಲಕ್ಷಗಟ್ಟಲೆ ಸದಸ್ಯರಿರುವ, ಜಗತ್ತಿನ ಅತಿದೊಡ್ಡ ಸಭೆಗಳಲ್ಲೊಂದಾಯಿತು. ಇಂದು ಸೆಲ್ ಗ್ರೂಪ್ ಎಂಬ ಮಾತು ಎಲ್ಲೆಡೆ ಕೇಳಿಬರುವುದರಲ್ಲಿ ಆ ಯಶಸ್ಸಿನ ಪಾಲು ದೊಡ್ಡದು. ಆದರೆ ಅದೇ ಚೋ ಸಭೆಯ ಹಣದ ದುರುಪಯೋಗದ ಪ್ರಕರಣದಲ್ಲಿ 2014ರಲ್ಲಿ ಅಪರಾಧಿಯೆಂದು ತೀರ್ಪಾಯಿತು. ಕೆಳಗಿನ ಮನೆ ಗುಂಪುಗಳು ಎಷ್ಟೇ ಇರಲಿ, ಮೇಲಿನವರನ್ನು ಲೆಕ್ಕ ಕೇಳುವ ದಾರಿ ಇಲ್ಲದಿದ್ದರೆ ಅವು ಬೆಳವಣಿಗೆಯ ಯಂತ್ರಗಳಷ್ಟೇ. ಗುಂಪಿನ ಯಶಸ್ಸನ್ನು ಎಷ್ಟು ಹೊಸಬರು ಬಂದರು ಎಂಬ ಸಂಖ್ಯೆಯಿಂದ ಅಳೆಯುವ ಅಭ್ಯಾಸವನ್ನೇ ನಾನು ಒಪ್ಪಲಾರೆ.

ಹಣವೆಂದ ಕೂಡಲೇ ಎರಡು ಮಾತು. ಗುಂಪಿಗೊಂದು ಚಿಕ್ಕ ಹುಂಡಿ ಇರಲಿ, ಯಾರೆಷ್ಟು ಹಾಕಿದರೆಂದು ಕಾಣದ ಹಾಗೆ. ಲೆಕ್ಕವನ್ನು ಪ್ರತಿ ತಿಂಗಳೂ ಓದಿ ಹೇಳಲಿ, ಆದರೆ ನೆರವು ಪಡೆದವರ ಹೆಸರು ಬೇಡ, ಮೊತ್ತ ಸಾಕು. ಗುಂಪಿನೊಳಗೆ ಚೀಟಿ, ಬಡ್ಡಿ ಸಾಲ, ಇನ್ಶೂರೆನ್ಸ್ ಪಾಲಿಸಿ, ಸರಪಳಿ ಮಾರಾಟದ ಡಬ್ಬಗಳು, ಚುನಾವಣೆಯ ಪಟ್ಟಿ ಇವು ಯಾವುವೂ ಬರಕೂಡದು. ಒಬ್ಬರಿಗೊಬ್ಬರು ಸಾಲ ಬಿದ್ದವರು ಕಣ್ಣಿಗೆ ಕಣ್ಣಿಟ್ಟು ಪ್ರಾರ್ಥಿಸಲಾರರು.

ಇನ್ನು ಜನ ಬಾಯಿಬಿಟ್ಟು ಹೇಳದ ಆಕ್ಷೇಪ: ಈ ಕೂಟಗಳು ಚಾಡಿಯ ಸಂತೆಗಳಲ್ಲವೇ? ಮಗಳು ಯಾರನ್ನೋ ಇಷ್ಟಪಟ್ಟಿದ್ದಾಳೆ, ಪ್ರಾರ್ಥಿಸಿ ಎಂದು ತಾಯಿ ಕಣ್ಣೀರಿಟ್ಟರೆ ಮರುದಿನ ಮೀನಿನ ಮಾರ್ಕೆಟ್ಟಿನಲ್ಲಿ ಅದೇ ಮಾತು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬ್ರಿಸ್ಟಲ್ಲಿನಲ್ಲೂ ಮನೆಯೊಳಗಿನ ಜಗಳ ವೆಸ್ಲಿಯ ಕಿವಿಗೆ ಬಿದ್ದದ್ದು ಒಬ್ಬರು ಹೋಗಿ ಹೇಳಿದ್ದರಿಂದಲೇ. ವ್ಯತ್ಯಾಸವಿರುವುದು ಮಾತು ಯಾರ ಬಳಿಗೆ, ಯಾವುದಕ್ಕಾಗಿ ಹೋಯಿತು ಎಂಬುದರಲ್ಲಿ. ಆದ್ದರಿಂದ ಇಲ್ಲಿ ಕೇಳಿದ್ದು ಇಲ್ಲೇ ಎಂಬ ನಿಯಮವನ್ನು ಪ್ರತಿ ಕೂಟದ ಆರಂಭದಲ್ಲೂ ಹೇಳಿ. ವಾಟ್ಸಾಪ್ ಗುಂಪಿನಲ್ಲಿ ದಿನಾಂಕ, ಸ್ಥಳ, ಸಾವಿನ ಸುದ್ದಿ ಬಿಟ್ಟು ಬೇರೇನೂ ಬೇಡ, ಯಾರ ಕಷ್ಟವೂ ಅಲ್ಲಿ ಪ್ರಾರ್ಥನಾ ವಿನಂತಿಯ ವೇಷದಲ್ಲಿ ಬರುವುದು ಬೇಡ. ಇನ್ನೊಬ್ಬರ ಬದುಕಿನ ಬಗ್ಗೆ ಅವರಿಲ್ಲದಾಗ ಪ್ರಾರ್ಥನೆ ಕೇಳುವುದನ್ನೂ ತಡೆಯಿರಿ. ಗುಟ್ಟಿಗೂ ಒಂದು ಎಲ್ಲೆಯಿದೆ, ಅದನ್ನೂ ಮೊದಲೇ ಹೇಳಿಬಿಡಬೇಕು. ಮಗುವಿಗೆ ಕೇಡಾಗುತ್ತಿದೆ, ಹೆಂಡತಿಗೆ ಹೊಡೆತ ಬೀಳುತ್ತಿದೆ, ಯಾರೋ ಸಾಯುವ ಮಾತಾಡುತ್ತಿದ್ದಾರೆ ಎಂದು ತಿಳಿದಾಗ ಪ್ರಾರ್ಥಿಸಿ ಮುಚ್ಚಿಡುವುದು ಪಾಪಕ್ಕೆ ಕಾವಲು ನಿಂತಂತೆ. ಮಕ್ಕಳಿಗೆ 1098, ಮಹಿಳೆಯರಿಗೆ 181, ಮನಸ್ಸಿನ ಬೇನೆಗೆ ಟೆಲಿ ಮಾನಸ್ 14416, ಈ ಮೂರು ಸಂಖ್ಯೆಗಳು ಮುಂದಾಳುಗಳ ಫೋನಿನಲ್ಲಿರಲಿ. ಸಂಸಾರ ಒಡೆಯಬಾರದೆಂದು ಹೊಡೆತ ತಿಂದವಳನ್ನು ಅದೇ ಮನೆಗೆ ವಾಪಸು ಕಳಿಸುವ ಹಿರಿತನವನ್ನು ಯಾವ ಗುಂಪೂ ವಹಿಸಿಕೊಳ್ಳದಿರಲಿ. ಕೂಟದ ವೇಳೆ ಮಕ್ಕಳನ್ನು ಒಳಕೋಣೆಯಲ್ಲಿ ಒಬ್ಬರೇ ಹಿರಿಯರ ಸುಪರ್ದಿಗೆ ಬಿಡುವುದೂ ಬೇಡ, ಇಬ್ಬರಿರಲಿ, ಬಾಗಿಲು ತೆರೆದಿರಲಿ.

ಸಭಾಪಾಲಕರ ಭಯ ಬೇರೆ: ಮನೆ ಗುಂಪು ಬೆಳೆದು ನಾಳೆ ಬೇರೆ ಸಭೆಯಾಗಿ ಒಡೆದರೆ? ಈ ಭಯಕ್ಕೆ ಇತಿಹಾಸದ ಆಧಾರವಿದೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಲುಥರನ್ ಪಾಲಕ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ತಮ್ಮ ಮನೆಯಲ್ಲೇ ಭಕ್ತರ ಕೂಟ ಶುರುಮಾಡಿದರು, ಸಭೆಯೊಳಗಿನ ಸಭೆಯಾಗಿ ಅದು ಹುಳಿಹಿಟ್ಟಿನ ಕೆಲಸ ಮಾಡಲಿ ಎಂಬ ಆಸೆಯಿಂದ. ಕೆಲವೇ ವರ್ಷಗಳಲ್ಲಿ ಅದರ ಪ್ರಮುಖ ಸದಸ್ಯರೇ ಕೆಲವರು ಸಭೆಯನ್ನು ಬಿಟ್ಟು ಹೋದರು. ಜರ್ಮನಿಯದೇ ಆದ ವುರ್ಟೆಂಬರ್ಗ್ ಸಂಸ್ಥಾನ 1743ರಲ್ಲಿ ಬೇರೊಂದು ದಾರಿ ಹಿಡಿಯಿತು: ಕೂಟಗಳನ್ನು ನಿಷೇಧಿಸಲೂ ಇಲ್ಲ, ಅವುಗಳ ಪಾಡಿಗೆ ಬಿಡಲೂ ಇಲ್ಲ, ಪಾಲಕರ ತಿಳಿವಳಿಕೆಯಲ್ಲಿ ನಡೆಯಲಿ ಎಂದು ರಾಜಾಜ್ಞೆ ಹೊರಡಿಸಿ ಸಭೆಯೊಳಗೇ ಜಾಗ ಕೊಟ್ಟಿತು. ಆ ಕೂಟಗಳ ಮಣ್ಣಿನಲ್ಲೇ ಬೇರು ಬಿಟ್ಟ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ತಂದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗಿನವರು, ಪತ್ರಿಕೆ ಹೊರಬಂದ ವರ್ಷ 1843, ಆ ರಾಜಾಜ್ಞೆಗೆ ನೂರು ವರ್ಷ ತುಂಬಿದ ವರ್ಷ. ಹಳೆ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಶನ್ನಿನ ಹಿಂದೆ ಬ್ರಿಸ್ಟಲ್ಲಿನ ಪೆನ್ನಿಯಿತ್ತು. ಈ ಎರಡು ಧಾರೆಗಳೂ ಇಂದು ಸಿಎಸ್‌ಐನೊಳಗಿವೆ. ಅಂದರೆ ಚಿಕ್ಕ ಗುಂಪು ನಮ್ಮ ಸಭೆಗಳಿಗೆ ಹೊರಗಿನಿಂದ ಬಂದ ಅಪಾಯವಲ್ಲ, ತವರಿನ ಬಳುವಳಿ. ಪಾಲಕರು ಮೂರು ತಿಂಗಳಿಗೊಮ್ಮೆ ಪ್ರತಿ ಗುಂಪಿಗೂ ಹೋಗಿ ಕೂತರೆ, ಪ್ರಸಂಗ ಮಾಡದೆ ಕೂತರೆ, ಎಲ್ಲ ಮುಂದಾಳುಗಳನ್ನೂ ತಿಂಗಳಿಗೊಮ್ಮೆ ಕರೆದು ಮಾತಾಡಿಸಿದರೆ ಒಡೆಯುವ ಭಯ ಬಹಳಷ್ಟು ಕಡಿಮೆಯಾಗುತ್ತದೆ. ಗುಂಪು ಒಡೆದುಹೋಗುವುದು ಸಾಮಾನ್ಯವಾಗಿ ಯಾರೂ ತಿರುಗಿ ನೋಡದಿದ್ದಾಗ.

ಹಂಚಿಕೊಟ್ಟ ಹೊಣೆಯಿಂದ ಬಂದದ್ದು ಪ್ರೀತಿ ಹೇಗಾದೀತು, ಅದು ಡ್ಯೂಟಿ ತಾನೇ ಎಂದು ಕೇಳುವವರಿಗೆ ಜರ್ಮನಿಯ ಪಾಲಕ ಡೀಟ್ರಿಶ್ ಬಾನ್‌ಹೋಫರ್ ಅವರನ್ನು ಓದಲು ಹೇಳಬೇಕು. ನಾಜಿ ಆಳ್ವಿಕೆಯಲ್ಲಿ ಫಿಂಕನ್‌ವಾಲ್ಡೆ ಎಂಬಲ್ಲಿ ಅವರು ನಡೆಸುತ್ತಿದ್ದ ಪಾಲಕರ ತರಬೇತಿ ಶಾಲೆಯನ್ನು 1937ರಲ್ಲಿ ಗೆಸ್ಟಾಪೊ ಮುಚ್ಚಿಸಿತು. ಅಲ್ಲಿನ ಸಹಜೀವನದ ಅನುಭವದಿಂದ ಅವರು ಬರೆದ ಪುಸ್ತಕ 1939ರಲ್ಲಿ ಬಂತು. ಆದರ್ಶ ಸಮುದಾಯದ ಕನಸನ್ನು ಎದೆಯಲ್ಲಿಟ್ಟುಕೊಂಡು ಬರುವವರೇ ನಿಜವಾದ ಸಮುದಾಯವನ್ನು ಕೆಡಿಸುತ್ತಾರೆ ಎಂಬುದು ಅವರ ವಾದದ ತಿರುಳು. ಕನಸುಗಾರ ಪಕ್ಕದಲ್ಲಿ ಕೂತವರನ್ನು ತನ್ನ ಕನಸಿನ ಅಳತೆಗೋಲಿನಿಂದ ಅಳೆಯುತ್ತಾನೆ, ಸಾಲದೆ ಹೋದಾಗ ಅವರನ್ನು ದೂರುತ್ತಾನೆ. ನಮ್ಮ ಕೂಟಗಳಲ್ಲಿ ಇದು ದಿನನಿತ್ಯದ ಮಾತು. ಅವರು ದನಿ ಎತ್ತರಿಸಿ ಹಾಡುತ್ತಾರೆ, ಇವರ ಪ್ರಾರ್ಥನೆ ಮುಗಿಯುವುದೇ ಇಲ್ಲ, ಮೂಲೆಮನೆಯವರು ಬಂದರೆ ವಾದವಾಗುತ್ತದೆ. ಇವರೆಲ್ಲ ಸುಧಾರಿಸಿದ ಮೇಲೆ ಪ್ರೀತಿಸೋಣವೆಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಮೂಲೆಮನೆಯವರಿಗೆ ಜ್ವರ ಬಂದಾಗ ಗಂಜಿ ತೆಗೆದುಕೊಂಡು ಹೋಗುವ ಸರದಿ ನಿಮ್ಮದು ಎಂದು ಪುಸ್ತಕದಲ್ಲಿ ಬರೆದಿದ್ದರೆ, ಇಷ್ಟವಿರಲಿ ಇಲ್ಲದಿರಲಿ ನೀವು ಹೋಗುತ್ತೀರಿ. ಮೂರನೆಯ ಸಲ ಹೋಗುವಾಗಲೂ ಅದು ಬರೀ ಡ್ಯೂಟಿಯಾಗಿಯೇ ಉಳಿದೀತೆಂದು ನನಗನಿಸುವುದಿಲ್ಲ. ಹಾಗೆಯೇ, ಕಡ್ಡಾಯ ಗಟ್ಟಿಯಾದರೆ ಸತ್ವ ಹೋಗುತ್ತದೆ ಎಂಬುದೂ ನಿಜ. ಮೆಥಡಿಸ್ಟರ ಕ್ಲಾಸಿಗೆ ಮೂರು ತಿಂಗಳಿಗೊಮ್ಮೆ ಟಿಕೆಟ್ ಕೊಡುತ್ತಿದ್ದರು, ಅದಿಲ್ಲದೆ ಸದಸ್ಯತ್ವವಿರಲಿಲ್ಲ. 19ನೆಯ ಶತಮಾನದಲ್ಲಿ ಅದೇ ಕ್ಲಾಸುಗಳು ಬಾಯಿಪಾಠದ ಸಾಕ್ಷಿ ಒಪ್ಪಿಸುವ ಜಾಗಗಳಾಗಿ ಸೊರಗಿದವು. ಹಾಜರಿಗೆ ದಂಡ, ಗೈರುಹಾಜರಿಗೆ ಮದುವೆ ಕಾಗದ ತಡೆಯುವ ಬೆದರಿಕೆ ಬೇಡವೇ ಬೇಡ. ಬಾರದವರ ಮನೆಗೆ ಹೋಗುವ ಹೊಣೆ ಬಂದವರ ಮೇಲಿರಲಿ.

ಸಮಯವಿಲ್ಲ ಎನ್ನುವವರಿಗೆ ನಿಷ್ಠುರವಾಗಿ ಉತ್ತರಿಸುವ ಹಕ್ಕು ಯಾರಿಗೂ ಇಲ್ಲ, ಶಿಫ್ಟ್ ಕೆಲಸದವರ ಪಾಡು ಅವರಿಗೇ ಗೊತ್ತು. ಕೂಟವನ್ನು ತಿಂಗಳಿಗೆ ಎರಡಕ್ಕೆ ಇಳಿಸಿ, ಸಭೆಯ ಬೇರೆ ಕಾರ್ಯಕ್ರಮವೊಂದನ್ನು ಅದಕ್ಕಾಗಿ ಕೈಬಿಡಿ. ಸಂಜೆ ಏಳರ ಕೂಟವೆಂದರೆ ಹೆಂಗಸರಿಗೆ ಅದಕ್ಕೆ ಮೊದಲೇ ರಾತ್ರಿಯಡುಗೆ ಮುಗಿದಿರಬೇಕು. ಗಂಡಸರು ಅಡುಗೆಮನೆಗೆ ಇಳಿಯದಿದ್ದರೆ ವೇಳೆಯನ್ನಾದರೂ ಹೆಂಗಸರು ಗೊತ್ತುಮಾಡಲಿ. ವಯಸ್ಕರ ಸಂಖ್ಯೆ ಹದಿನೈದು ದಾಟಿದಾಗ ಗುಂಪನ್ನು ಎರಡು ಮಾಡಿ. ಬೆಸೆದ ಮನಸ್ಸುಗಳನ್ನು ಒಡೆಯುವುದೇಕೆ ಎಂಬ ಅಳಲು ಏಳುತ್ತದೆ, ಆದ್ದರಿಂದ ಎರಡಾಗುವ ಸಂಖ್ಯೆಯನ್ನು ಮೊದಲ ದಿನವೇ ಬರೆದಿಡಿ. ನಡೆಯದ ಗುಂಪನ್ನು ಮುಚ್ಚಲೂ ನಾಚಬೇಕಿಲ್ಲ, ಹುಂಡಿಯ ಹಣವನ್ನು ಪಕ್ಕದ ಗುಂಪಿಗೆ ಕೊಟ್ಟು ಮನೆಗಳನ್ನು ಅದಕ್ಕೆ ಸೇರಿಸಿ.

ಶುರುಮಾಡಲು ಬೇಕಾದದ್ದು ಒಂದು ನೋಟ್‌ಬುಕ್. ಮೊದಲ ಪುಟದಲ್ಲಿ ಮನೆಗಳ ಹೆಸರು, ಫೋನು, ಅವರು ಹೇಳಲು ಒಪ್ಪಿದರೆ ರಕ್ತದ ಗುಂಪು, ಒಬ್ಬರೇ ಇರುವ ಹಿರಿಯರ ಹೆಸರಿನ ಮುಂದೆ ಒಂದು ಗುರುತು. ಮುಂದಿನ ಪುಟಗಳಲ್ಲಿ ಪ್ರತಿ ಕೂಟಕ್ಕೆ ಮೂರು ಕಲಂ: ಬಾರದವರು ಯಾರು, ಅವರ ಮನೆಗೆ ಹೋಗುವವರು ಯಾರು, ಯಾವ ದಿನದೊಳಗೆ. ಮುಂದಿನ ಕೂಟದಲ್ಲಿ ವಾಕ್ಯ ಓದುವ ಮುಂಚೆ ಆ ಪುಟವನ್ನು ತೆರೆದು, ಹೋಗಿದ್ದಿರಾ, ಅವರು ಹೇಗಿದ್ದಾರೆ ಎಂದು ಕೇಳಿ.